ಹುಡೇವು ಹೂಂ ಅಂದ ದಿನ

ಆಕಾಶ ಇನ್ನೂ ಕೈಗೆಟಕುವಷ್ಟು ತಗ್ಗಿನಲ್ಲಿದ್ದ ಕಾಲವಂತೆ ಅದು. ಹೆಣ್ಣುಮಕ್ಕಳು ಒನಕೆ ಎತ್ತಿದರೆ ಅದರ ತುದಿ ಹೋಗಿ ಮೋಡಕ್ಕೆ ತಾಗುತ್ತಿತ್ತಂತೆ. ದಿನಾ ಪೆಟ್ಟು ತಿಂದು ತಿಂದು ಬೇಸತ್ತ ಆಕಾಶ ಒಂದು ಮುಂಜಾನೆ ಮುನಿಸಿಕೊಂಡು ಮೇಲೆದ್ದು ಹೋಯಿತು. ಭೂಮಿತಾಯಿಗೆ ದಿಗಿಲಾಯಿತು. ತನ್ನ ಏಳು ಮಂದಿ ಹೆಣ್ಣುಮಕ್ಕಳನ್ನು ಕರೆದು, "ಎದ್ದು ನಿಂತು ನೋಡ್ರೆವ್ವಾ, ಎತ್ತಾಗ ಹೊಂಟೈತಿ ಅದು" ಎಂದಳು. ಎದ್ದು ನಿಂತವರು ಮತ್ತೆ ಕೂರಲೇ ಇಲ್ಲ. ಕತ್ತು ಮೇಲೆ ಮಾಡಿ ನಿಂತು ನಿಂತು ಕಲ್ಲಾದರು.

"ನಿಂತದ್ದು ನಿಂತೀರಿ, ಏನರೆ ಕೆಲಸಾ ಮಾಡ್ರಿ" ಎಂದಳಂತೆ ತಾಯಿ. ಹಿರಿಯಳು ಹಂಪಿಗೆ ಹೋಗಿ ಗೋಪುರವಾದಳು. ದಾರಿ ತಪ್ಪಿದವರಿಗೆ ದೇವರ ಮನೆ ಇಲ್ಲಿದೆ ಎಂದು ದೂರದಿಂದಲೇ ತೋರಿಸುವುದು ಅವಳ ಕೆಲಸ. ಎರಡನೆಯವಳು ಹೈದರಾಬಾದಿಗೆ ಹೋಗಿ ನಾಲ್ಕು ಕೈ ಮೇಲೆತ್ತಿ ನಿಂತಳು, ಚಾರಮಿನಾರ ಎನಿಸಿಕೊಂಡಳು, ನಿಜಾಮನ ರೂಪಾಯಿಯ ಮೇಲೆ ಹೋಗಿ ಕೂತಳು. ಮೂರನೆಯವಳು ಮಸೂತಿಯ ಮಿನಾರವಾಗಿ ಹೊತ್ತುಹೊತ್ತಿಗೆ ಮಂದಿಯನ್ನು ಕರೆದಳು. ನಾಲ್ಕನೆಯವಳು ಮೈತುಂಬ ಹಣತೆ ಹೊತ್ತು ದೀಪದ ಕಂಬವಾದಳು. ಐದನೆಯವಳು ಮುದಗಲ್ಲಿನ ಕೋಟೆ ಸೇರಿ, ಹೆಗಲ ಮೇಲೆ ತೋಪು ಇಟ್ಟುಕೊಂಡು ಬುರುಜಾದಳು. ಆರನೆಯವಳು ಅದೇ ಮುದಗಲ್ಲಿನ ಕಿರಿಸ್ತಾನರ ಓಣಿಯಲ್ಲಿ ಕೊರಳಿಗೆ ಗಂಟೆ ಕಟ್ಟಿಕೊಂಡಳು. ಉಳಿದವಳು ಏಳನೆಯವಳು. ಕುಳ್ಳಿ. ಕಲ್ಲು ಮಣ್ಣಿನ ಮೈ. ಅವಳಿಗೆ ದೇವರಿಲ್ಲ, ದೀಪವಿಲ್ಲ, ತೋಪಿಲ್ಲ, ಗಂಟೆಯಿಲ್ಲ. "ನೀ ಏನ್ ಮಾಡ್ತಿಯವ್ವಾ?" ಎಂದು ತಾಯಿ ಕೇಳಿದರೆ ಅವಳ ಬಾಯಿಗೆ ಬಂದದ್ದು ಒಂದೇ ಮಾತು.

"ಹೂಂ."

ಅವಳೇ ನಮ್ಮೂರಿನ ಹುಡೇವು.

ಈ ಕತೆ ನನ್ನ ಅಜ್ಜಿ, ಆಯಿ ಬಸವಣ್ಣೆಮ್ಮನದು. ಅವ್ವ ಅಪ್ಪ ಇಲ್ಲದ ನನ್ನನ್ನು ಆಕೆ ಕತೆ ಉಣಿಸಿಯೇ ಬೆಳೆಸಿದಳು. ಆಕೆಯದು ಒಂದು ಕಟ್ಟಳೆ ಇತ್ತು: ಮಾತು ಮಾತಿಗೆ ಕೇಳುವವರು ಹೂಂ ಅನ್ನಬೇಕು. ಹೂಂ ನಿಂತರೆ ಕತೆ ನಿಂತಿತು. "ನೀವು ಹೂಂ ಅನ್ನಲಿಲ್ಲಂದ್ರ ಹುಡೇವು ಹೂಂ ಅಂತೈತಿ. ಅದು ಒಮ್ಮೆ ಹೂಂ ಅಂತಂದ್ರ ಕತಿ ನನ್ನ ಕೈಯಾಗ ಇರೂದಿಲ್ಲ" ಎಂದು ಹೆದರಿಸುತ್ತಿದ್ದಳು. ನಾನು ನಿದ್ದೆಯಲ್ಲೂ ಹೂಂ ಅನ್ನುತ್ತಿದ್ದೆನಂತೆ, ಆ ಭಯಕ್ಕೆ.

ನನ್ನ ಪಕ್ಕದಲ್ಲಿ ಕೂತು ಹೂಂ ಅನ್ನುತ್ತಿದ್ದವನು ಮೌಲಾಹುಸೇನ. ಆಯಿಯ ಗೆಳತಿ ಸುಭಾನಬಿಯ ಮಗ. ಏಳನೆಯವಳು ಹೂಂ ಅನ್ನುವ ಜಾಗ ಬಂದರೆ ಅದು ಅವನ ಪಾಲು. ಖಾಲಿ ಕೊಡದೊಳಗೆ ಮುಖವಿಟ್ಟು, ದನಿ ದಪ್ಪ ಮಾಡಿ "ಹೂಂ" ಅನ್ನುತ್ತಿದ್ದ. ನಾವೆಲ್ಲ ಕಿರುಚಿ ಆಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆವು. ಮುಂದೆ ಏನಾಯಿತು, ಏಳನೆಯವಳ ಕೆಲಸವೇನು ಎಂದು ಕೇಳಿದರೆ ಆಯಿ, "ಅದು ಇನ್ನಾ ಆಗಿಲ್ಲ. ಆದ ಮ್ಯಾಲ ಹೇಳ್ತೀನಿ" ಎಂದು ಎದ್ದುಬಿಡುತ್ತಿದ್ದಳು.

ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ದಾರಿ ಬಿಟ್ಟು ಒಳಗೆ ಬಂದರೆ ನಮ್ಮೂರಿಗಿಂತ ಮೊದಲು ಹುಡೇವು ಕಾಣುತ್ತದೆ. ಕಲ್ಲು ಮಣ್ಣಿನ ಕಾವಲು ಗೋಪುರ, ದುಂಡಗೆ, ಬುಡದಲ್ಲಿ ದಪ್ಪ, ಮೇಲಕ್ಕೆ ಹೋಗುತ್ತ ಸಣ್ಣ. ಬಾಗಿಲು ನೆಲದ ಮೇಲಿಲ್ಲ. ಆಳಿನ ಮೇಲೆ ಆಳು ನಿಂತರೆ ಸಿಗುವಷ್ಟು ಎತ್ತರದಲ್ಲಿದೆ. ನಿಚ್ಚಣಿಕೆ ಹಚ್ಚಿ ಹತ್ತಿ, ಅದನ್ನು ಒಳಗೆ ಎಳೆದುಕೊಂಡರೆ ಯಾರೂ ಮುಟ್ಟುವಂತಿಲ್ಲ. ನಮ್ಮ ಕಡೆ ಜೋಳವನ್ನು ನೆಲದಲ್ಲಿ ತೋಡಿದ ಹಗೇವಿನಲ್ಲಿ ಬಚ್ಚಿಡುತ್ತಾರೆ. ಹಿಂದೆ ಪಿಂಡಾರಿಗಳ ಕಾಲದಲ್ಲಿ ಹೆಂಗಸರು ಮಕ್ಕಳನ್ನು ಹುಡೇವಿನಲ್ಲಿ ಬಚ್ಚಿಡುತ್ತಿದ್ದರಂತೆ. ಗೋಡೆಯಲ್ಲಿ ಅಲ್ಲಲ್ಲಿ ಬಂದೂಕಿನ ಮೂತಿ ಹಿಡಿಸುವಷ್ಟು ಕಿಂಡಿಗಳು. ನನ್ನ ಕಾಲಕ್ಕೆ ಅದರ ಒಳಗೆ ಪಾರಿವಾಳ, ಹೊರಗೆ ನಾವು ತಟ್ಟಿದ ಸಗಣಿಯ ಕುಳ್ಳು. ಬಿಸಿಲು ಚೆನ್ನಾಗಿ ಬೀಳುವ ಗೋಡೆ ಅದು.

ಅದರ ಮೇಲೆ ಕಾವಲು ಕೂಡುವುದು ಸುಭಾನಬಿಯ ಗಂಡ ಖಾಜಾಸಾಬನ ಮನೆತನದ ಕೆಲಸ. ಖಾಜಾಸಾಬ್ ತೀರಿದ ಮೇಲೆ ಮಗ ಮೌಲಾ ಕೂಡತೊಡಗಿದ. ನಿಜಾಮನ ಆಳ್ವಿಕೆಯ ಕೊನೆಯ ವರ್ಷದ ಬೇಸಿಗೆಯಲ್ಲಿ ಆ ಕಾವಲಿಗೆ ಬೆಲೆ ಬಂತು. ರಜಾಕಾರರು ಬರುತ್ತಾರಂತೆ ಎಂಬ ಸುದ್ದಿಗೇ ಊರು ನಡುಗುತ್ತಿತ್ತು. ದೂರದಲ್ಲಿ ಧೂಳೆದ್ದರೆ ಮೌಲಾ ಕೊಂಬು ಊದುತ್ತಿದ್ದ. ನಾವು ಹಳ್ಳದ ಜಾಲಿ ಹೊಕ್ಕು ಅಡಗುತ್ತಿದ್ದೆವು. ಬಂದವರ ಪೈಕಿ ಒಬ್ಬ ಅವನನ್ನು ಕೆಳಗೆ ಇಳಿಸಿ, "ಮುಸಲ್ಮಾನನಾಗಿ ಅವರ ಸಲುವಾಗಿ ಊದತಿಯೇನು" ಎಂದು ಕಪಾಳಕ್ಕೆ ಹೊಡೆದಿದ್ದ. ಮೌಲಾ, "ನಾ ಧೂಳಿಗೆ ಊದತೀನ್ರಿ, ಧೂಳಿನಾಗ ಯಾರದಾರಂತ ಮ್ಯಾಲಿಂದ ಕಾಣೂದಿಲ್ಲ" ಎಂದನಂತೆ. ಅದನ್ನು ಹೇಳಿ ಹೇಳಿ ಊರು ನಕ್ಕಿತ್ತು.

ಭಾದ್ರಪದದಲ್ಲಿ ಇಂಡಿಯನ್ ಯೂನಿಯನ್ನಿನ ಮಿಲಿಟರಿ ಬಂತು. ನಿಜಾಮನ ಸರ್ಕಾರ ಬಿತ್ತು. ಊರಲ್ಲಿ ಬೆಲ್ಲ ಹಂಚಿದರು. ಆ ಬೆಲ್ಲ ಬಾಯಲ್ಲಿ ಕರಗುವುದರೊಳಗೆ ಬೇರೆ ಸುದ್ದಿ ಬರತೊಡಗಿತು. ರಜಾಕಾರರ ಮೇಲಿನ ಸೇಡಿಗೆ ಎಲ್ಲಿಂದಲೋ ಗುಂಪುಗಳು ಬರುತ್ತಿವೆಯಂತೆ. ಯಾರು ಏನು ಮಾಡಿದ್ದರು ಎಂದು ಕೇಳುವುದಿಲ್ಲವಂತೆ. ಹೆಸರು ಕೇಳುತ್ತಾರಂತೆ, ಅಷ್ಟೇ. ಓಡಿಹೋದವರು ಹಾದಿಯಲ್ಲೇ ಸಿಕ್ಕರಂತೆ.

ಸುಭಾನಬಿ ಮಗನನ್ನು ಕರೆದುಕೊಂಡು ನಮ್ಮ ಹಿತ್ತಲ ಬಾಗಿಲಿಗೆ ಬಂದಳು. "ಅಕ್ಕಾ, ಎಲ್ಲಿ ಇಡಲಿ ಇವನ್ನ?" ಎಂದಳು. ಅಳುತ್ತಿರಲಿಲ್ಲ. ಒಂದು ಪಾತ್ರೆ ಎಲ್ಲಿಡಲಿ ಎಂದು ಕೇಳಿದ ಹಾಗೆ ಕೇಳಿದಳು. ಆಯಿ ಬಹಳ ಯೋಚಿಸಲಿಲ್ಲ. ಸಂಜೆ ದನ ಬರುವ ಧೂಳಿನಲ್ಲಿ ನಿಚ್ಚಣಿಕೆ ಹಚ್ಚಿ ಮೌಲಾನನ್ನು ಹುಡೇವಿನೊಳಗೆ ಹತ್ತಿಸಿ, ನಿಚ್ಚಣಿಕೆ ತಂದು ನಮ್ಮ ಕೊಟ್ಟಿಗೆಯಲ್ಲಿ ಅಡ್ಡ ಕಟ್ಟಿ ಕರುಗಳನ್ನು ಅದಕ್ಕೆ ಬಿಗಿದಳು. ಮೇಲಿನ ಮೆಟ್ಟಿಲು ಹತ್ತಿ ತುದಿಗೆ ಹೋಗಬಾರದು, ತಲೆ ಹೊರಗೆ ಕಾಣಬಾರದು ಎಂದು ಅವನಿಗೆ ಹೇಳಿದಳು. ಊರಿಗೆಲ್ಲ ನೋಡಿ ಹೇಳುತ್ತಿದ್ದವನು ಈಗ ಕುರುಡನಂತೆ ತಳದ ಕತ್ತಲಲ್ಲಿ ಕೂತ.

"ಎಂದ ಇಳಸ್ತಿ ಅಕ್ಕಾ?" ಸುಭಾನಬಿ ಕೇಳಿದಳು.

"ಊರು ಹೂಂ ಅಂದ ದಿನಾ. ಕದ್ದು ಅಲ್ಲ. ಹಗಲಿನಾಗ, ಮಂದಿ ಮುಂದ, ಕೈ ಹಿಡದು ಇಳಸ್ತೀನಿ. ಇದು ನನ್ನ ಮಾತು."

ಊರು ಹೂಂ ಅನ್ನುವುದು ಸುಲಭವಿರಲಿಲ್ಲ. ಯಾರಿಗೆ ಗೊತ್ತಿದೆ, ಯಾರಿಗಿಲ್ಲ ಎಂಬುದೇ ನಮಗೆ ತಿಳಿಯದು. ಊರ ಗೌಡ ಅಮರಗುಂಡಪ್ಪ ಕಾಕಾಗೆ ಗೊತ್ತಾಯಿತು. ಆಯಿಯ ಮೈದುನನ ಮಗ ಆತ. ಬಂದು ಪಡಸಾಲೆಯಲ್ಲಿ ಕೂತ. ನೀರು ಕೊಟ್ಟರೆ ಕುಡಿಯಲಿಲ್ಲ.

"ದೊಡ್ಡವ್ವ, ಒಬ್ಬನ ಸಲುವಾಗಿ ಊರಿಗೆ ಬೆಂಕಿ ಹಚ್ಚಸ್ತಿಯೇನು?"

"ಊರು ಮಲಗಿದಾಗ ಎದ್ದು ಕುಂದರತಿದ್ದವ ಅವನೊಬ್ಬನ ಅಲ್ಲೇನೋ."

"ಅದು ಬ್ಯಾರೆ ಮಾತು."

"ಬ್ಯಾರೆ ಆದ್ರ ಬ್ಯಾರೆ. ನೀ ಹೂಂ ಅನಬ್ಯಾಡ. ಊಂಹೂಂ ಅಂತೂ ಅನಬ್ಯಾಡ. ಸುಮ್ಕ ಹೋಗು."

ಕಾಕಾ ಸುಮ್ಮನೆ ಹೋದ. ಆತ ಬೈದು ಹೋಗಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಮೌಲಾನನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ನಾನು ದಿನಾ ಸಗಣಿ ಬುಟ್ಟಿ ಹೊತ್ತು ಹೋಗಿ ಹುಡೇವಿನ ಗೋಡೆಗೆ ಕುಳ್ಳು ತಟ್ಟುತ್ತಿದ್ದೆ. ಬುಟ್ಟಿಯಲ್ಲಿ ಸಗಣಿಯ ಕೆಳಗೆ ಮುತ್ತಲದ ಎಲೆಯಲ್ಲಿ ಸುತ್ತಿದ ರೊಟ್ಟಿ. ಎದೆಯೆತ್ತರದ ಒಂದು ಕಿಂಡಿಗೆ ಒಣ ಕುಳ್ಳನ್ನೇ ಬಾಗಿಲು ಮಾಡಿದ್ದೆ. ಅದನ್ನು ಸರಿಸಿ ರೊಟ್ಟಿ ಸುರುಳಿ ಸುತ್ತಿ ತೂರಿಸುವುದು. ದನಗಳಿಗೆ ಔಷಧ ಕುಡಿಸುವ ಬಿದಿರಿನ ಗೊಟ್ಟದಲ್ಲಿ ನೀರು ಸುರಿಯುವುದು. ಒಳಗಿನಿಂದ ಅವನ ಬೆರಳ ತುದಿ ಮಾತ್ರ ಕಾಣುತ್ತಿತ್ತು. ನನಗೆ ಆ ಹುಡೇವು ಎಂದರೆ ಮೊದಲಿನಿಂದಲೂ ಅಂಜಿಕೆ. ಅದಕ್ಕೆ ಬೆನ್ನು ಕೊಟ್ಟು ನಿಂತರೆ ಅದು ಬಾಗಿ ನನ್ನ ಹೆರಳು ಮೂಸುತ್ತದೆ ಅನ್ನಿಸುತ್ತಿತ್ತು. ಈಗ ಅದರ ಮೈಗೆ ಬಾಯಿ ಹಚ್ಚಿ ಮಾತಾಡಬೇಕು.

ಮೊದಲೆರಡು ದಿನ ಅವನು ನಗೆಮಾತು ಆಡಿದ. "ಕಸ್ತೂರೀ, ನಿನ್ನ ರೊಟ್ಟಿಗೂ ಕುಳ್ಳಿಗೂ ಕತ್ತಲದಾಗ ಫರಕ ತಿಳಿವಲ್ದು" ಅಂದ. ಆಮೇಲೆ ಮಾತು ಕಡಿಮೆಯಾಯಿತು. ಒಂದು ದಿನ ಒಳಗಿನಿಂದ ಗೋಡೆಗೆ ತಲೆ ಬಡಿಯುವ ಸಪ್ಪಳ ಕೇಳಿಸಿತು. ಅಳುತ್ತಿದ್ದ, ದೊಡ್ಡದಾಗಿ. ದಾರಿಯಲ್ಲಿ ಹೋಗುವವರಿಗೆ ಕೇಳಿಸುವಷ್ಟು. ನಾನು ಓಡಿಬಂದು ಆಯಿಗೆ ಹೇಳಿದೆ.

"ಕತಿ ಹೇಳು ಹೋಗು. ಹೂಂ ಅನ್ನಾಂವಗ ಅಳಾಕ ಬರೂದಿಲ್ಲ" ಅಂದಳು.

ನಾನು ಕತೆ ಹೇಳತೊಡಗಿದೆ. ಕುಳ್ಳು ತಟ್ಟುತ್ತ ಒಂದೊಂದೇ ಮಾತು. ನಡುವೆ ಒಳಗಿನಿಂದ ಸಣ್ಣಗೆ "ಹೂಂ". ದಿನಕ್ಕೊಂದು ಕತೆ ಮುಗಿಯುತ್ತಿತ್ತು. ಹಾದು ಹೋಗುವ ಹೆಂಗಸರು, "ಬಸವಣ್ಣೆಮ್ಮನ ಮೊಮ್ಮಗಳಿಗೆ ತಲಿ ಕೆಟ್ಟೈತಿ, ಕುಳ್ಳಿಗೆ ಕತಿ ಹೇಳ್ತಾಳ" ಎಂದು ನಗುತ್ತಿದ್ದರು. ನಗಲಿ ಎಂದು ಬಿಟ್ಟೆ. ಒಳಗಿರುವವನು ಬದುಕಿದ್ದಾನೆ ಎನ್ನುವುದಕ್ಕೆ ನನಗೆ ಆ ಹೂಂ ಬಿಟ್ಟರೆ ಬೇರೆ ಗುರುತಿರಲಿಲ್ಲ.

ಆಮೇಲೆ ಅವನಿಗೆ ಜ್ವರ ಬಂತು. ಹೂಂ ತಡವಾಗಿ ಬರತೊಡಗಿತು. ಕೆಲವು ಸಲ ನಾನು ಏನೂ ಹೇಳದೆ ನಿಂತಾಗ ಬರುತ್ತಿತ್ತು. ರೊಟ್ಟಿ ಕಿಂಡಿಯಲ್ಲೇ ಉಳಿದು ಇರುವೆಗಳು ಮುತ್ತಿದವು. ಸುಭಾನಬಿ ನಮ್ಮ ಒಳಮನೆಯಲ್ಲಿ ಅಡಗಿ ಕೂತು ಬೀಸುಕಲ್ಲು ತಿರುವುತ್ತಿದ್ದಳು. ಕಾಳು ಮುಗಿದ ಮೇಲೂ ತಿರುವುತ್ತಿದ್ದಳು. ಬರಿ ಕಲ್ಲು ಕಲ್ಲಿಗೆ ಉಜ್ಜುವ ಆ ಸಪ್ಪಳ ಇಂದಿಗೂ ನನಗೆ ಆಗದು. ಇನ್ನೆರಡು ದಿನ ಅಲ್ಲೇ ಇದ್ದರೆ ಅವನು ಉಳಿಯುವುದಿಲ್ಲ ಎಂದು ಮೂವರಿಗೂ ಗೊತ್ತಿತ್ತು.

ಅವರು ಬಂದದ್ದು ಮಧ್ಯಾಹ್ನ. ಹುಡೇವಿನ ಮೇಲೆ ಕಾವಲಿಲ್ಲ, ಕೊಂಬಿಲ್ಲ. ಹಾಗಾಗಿ ಕುದುರೆಯ ಸಪ್ಪಳ ನನ್ನ ಬೆನ್ನ ಹಿಂದೆ ಬಂದು ನಿಂತ ಮೇಲೇ ನನಗೆ ತಿಳಿದದ್ದು. ಕೈಯಲ್ಲಿದ್ದ ಹಸಿ ಕುಳ್ಳನ್ನು ಕಿಂಡಿಯ ಮೇಲೆ ಬಡಿದು ತಿರುಗಿದೆ. ಐದಾರು ಮಂದಿ. ಮುಂದಿನವನು ಖಾಕಿ ಕೋಟು ಹಾಕಿದ್ದ. ಅದು ಬೇರೆ ಯಾರದೋ ಇರಬೇಕು, ತೋಳು ಗಿಡ್ಡವಾಗಿದ್ದವು. ಹೆಗಲಿಗೆ ಬಂದೂಕು. ಉಳಿದವರ ಕೈಯಲ್ಲಿ ಕೊಡಲಿ, ಬಡಿಗೆ. ಅವರಲ್ಲಿ ಒಬ್ಬ ಹೆಗಲ ಮೇಲೆ ಹೆಂಗಸರ ರೇಷ್ಮೆ ಸೀರೆಯೊಂದನ್ನು ಟವಲಿನಂತೆ ಹಾಕಿಕೊಂಡಿದ್ದ. ನಾನು ಆ ಸೀರೆಯನ್ನೇ ನೋಡುತ್ತ ನಿಂತೆ.

ಊರ ಮಂದಿ ಒಬ್ಬೊಬ್ಬರಾಗಿ ಬಂದು ಹುಡೇವಿನ ಮುಂದಿನ ಬೇವಿನ ಕಟ್ಟೆಯ ಸುತ್ತ ನಿಂತರು. ಅಮರಗುಂಡಪ್ಪ ಕಾಕಾ ಬಂದ. ಆಯಿ ಕೋಲೂರಿಕೊಂಡು ಬಂದಳು.

"ಖಾಜಾಸಾಬನ ಮಗಾ ಎಲ್ಲಿ?" ಖಾಕಿ ಕೋಟಿನವನು ಕೇಳಿದ. "ಈ ಊರಾಗ ಅದಾನಂತ ಸುದ್ದಿ ಐತಿ."

ಸುದ್ದಿ ಕೊಟ್ಟವರು ಯಾರು? ನಾನು ಒಂದೊಂದೇ ಮುಖ ನೋಡಿದೆ. ಎಲ್ಲರೂ ನೆಲ ನೋಡುತ್ತಿದ್ದರು.

"ಹೋದ್ರು. ಅವ್ವ ಮಗಾ ಇಬ್ಬರೂ ಎಂದೋ ಹೋದ್ರು" ಕಾಕಾ ಅಂದ. ಅಷ್ಟಾದರೂ ಅಂದನಲ್ಲ ಎಂದುಕೊಂಡೆ.

ಖಾಕಿ ಕೋಟಿನವನು ಕಾಕಾನನ್ನು ಬಿಟ್ಟು ನನ್ನ ಕಡೆ ತಿರುಗಿದ. "ಏ ಹುಡುಗಿ. ನಾವು ಬರಬೇಕಾದ್ರ ಗ್ವಾಡಿಗೆ ಬಾಯಿ ಹಚ್ಚಿ ಏನೋ ಒದರಾಕತ್ತಿದ್ದೆಲ್ಲ. ಯಾರ ಕೂಡ?"

ಸುಳ್ಳು ಹುಡುಕಿದೆ, ಒಂದೂ ಸಿಗಲಿಲ್ಲ. "ಕತಿ ಹೇಳಾಕತ್ತಿದ್ನಿರಿ" ಅಂದೆ.

"ಯಾರಿಗೆ?"

"ಹುಡೇವಿಗೆ."

ಸೀರೆಯವನು ನಕ್ಕ. ಊರ ಹೆಂಗಸರಲ್ಲಿ ಒಬ್ಬಳು, "ಆಕಿಗೆ ಸ್ವಲ್ಪ ಹಂಗ ಐತ್ರಿ. ದಿನಾ ಹೇಳ್ತಾಳ" ಎಂದಳು. ಒಳ್ಳೆಯದಕ್ಕೇ ಅಂದಳು ಪಾಪ. ಖಾಕಿ ಕೋಟಿನವನು ಮಾತ್ರ ನಗಲಿಲ್ಲ. ಕುದುರೆಯಿಂದ ಇಳಿದು ಬಂದು ಹುಡೇವಿನ ಬಾಗಿಲನ್ನು ಒಮ್ಮೆ, ನನ್ನನ್ನೊಮ್ಮೆ ನೋಡಿದ.

"ಹೌದಾ. ಹಂಗಾರ ಹೇಳು, ನಾವೂ ಕೇಳೂಣು. ಈಗ ಹೇಳಾಕತ್ತಿದ್ದೆಲ್ಲ, ಅದ್ನ ಹೇಳು."

ಹೇಳಲೇಬೇಕು. ಬಾಯಿಗೆ ಬಂದದ್ದು ಒಂದೇ ಕತೆ, ಎಲ್ಲಕ್ಕಿಂತ ಮೊದಲು ಕಲಿತದ್ದು. ಆಕಾಶ ತಗ್ಗಿನಲ್ಲಿತ್ತು, ಒನಕೆ ತಾಗಿತು, ಏಳು ಮಂದಿ ಎದ್ದು ನಿಂತರು ಎಂದು ಶುರು ಮಾಡಿಬಿಟ್ಟೆ. ಎರಡು ಮಾತು ಆದ ಮೇಲೆ ನೆನಪಾಯಿತು: ನಿಂತು ಉಸಿರು ಬಿಟ್ಟರೆ ಒಳಗಿನಿಂದ ಹೂಂ ಬರುತ್ತದೆ. ಕಿಂಡಿ ಮುಚ್ಚಿದರೇನು, ಮೇಲಿನ ಬಾಗಿಲು ತೆರೆದೇ ಇದೆ. ಜ್ವರದಲ್ಲಿ ಬಿದ್ದವನಿಗೆ ಹೊರಗೆ ಯಾರಿದ್ದಾರೆ ಎಂಬ ಎಚ್ಚರ ಎಲ್ಲಿಂದ? ನನ್ನ ದನಿ ಕೇಳಿದರೆ ಅವನು ಹೂಂ ಅನ್ನುತ್ತಾನೆ, ನಿದ್ದೆಯಲ್ಲಿ ನಾನು ಅನ್ನುತ್ತಿದ್ದ ಹಾಗೆ.

ಹೂಂ ಅನ್ನಲು ಜಾಗವನ್ನೇ ಕೊಡಬಾರದು ಎಂದು ಮಾತಿಗೆ ಮಾತು ಹೊಲಿಯತೊಡಗಿದೆ. ಹಿರಿಯಳು ಹಂಪಿಗೆ ಹೋದಳು ಹೋಗಿ ಗೋಪುರವಾದಳು ಆಗುವುದರೊಳಗೆ ಎರಡನೆಯವಳು ಹೈದರಾಬಾದಿಗೆ ನಡೆದಳು ನಡೆದು ಕೈ ಎತ್ತಿದಳು ಎತ್ತುತ್ತಲೇ ಮೂರನೆಯವಳು ಕೂಗಿದಳು ಕೂಗುತ್ತಲೇ ನಾಲ್ಕನೆಯವಳು ಹಣತೆ ಹಚ್ಚಿದಳು. ಅಷ್ಟರಲ್ಲಿ ಇನ್ನೊಂದು ಭಯ ಬಂತು. ಈ ಕತೆ ಹೋಗಿ ನಿಲ್ಲುವುದು ಎಲ್ಲಿ? ಏಳನೆಯವಳ ಹತ್ತಿರ. ಅಲ್ಲಿ ಹೂಂ ಅನ್ನುವುದು ಚಿಕ್ಕಂದಿನಿಂದ ಅವನ ಪಾಲು.

ಏಳನೆಯವಳನ್ನು ದೂರ ಇಡಬೇಕು. ಐದು, ಆರು ಮುಗಿದ ಮೇಲೆ ಇಲ್ಲದ ಅಕ್ಕತಂಗಿಯರನ್ನು ತಂದೆ. ಮೌಲಾನ ಸೋದರಮಾವ ಹಜ್ಜಿಗೆ ಹೋಗಿ ಬಂದು, ಸಮುದ್ರದ ದಂಡೆಯಲ್ಲಿ ಹಡಗಿಗೆ ದಾರಿ ತೋರಲು ತಲೆಯ ಮೇಲೆ ಬೆಂಕಿ ಇಟ್ಟುಕೊಂಡು ನಿಂತಿರುವ ಒಬ್ಬಳ ಸುದ್ದಿ ಹೇಳಿದ್ದ, ಅವಳನ್ನು ಕರೆದೆ. ಮುಂಬಯಿಯ ಗುಡ್ಡದ ಮೇಲೆ ಪಾರ್ಸಿ ಮಂದಿಯ ಸತ್ತವರನ್ನು ಮಡಿಲಲ್ಲಿ ಮಲಗಿಸಿಕೊಂಡು ಹದ್ದುಗಳ ದಾರಿ ಕಾಯುವ ಮೂಕಿಯನ್ನು ಕರೆದೆ. ಗೆದ್ದ ರಾಜನೊಬ್ಬ ಸೊಕ್ಕಿನಿಂದ ನಿಲ್ಲಿಸಿದವಳು, ಮಗಳನ್ನು ಯಾರೂ ನೋಡಬಾರದೆಂದು ಇನ್ನೊಬ್ಬ ರಾಜ ಬಾಗಿಲೇ ಇಲ್ಲದೆ ಕಟ್ಟಿಸಿದವಳು, ಪಾರಿವಾಳಗಳಿಗೆಂದು ಮೈಯೆಲ್ಲ ಗೂಡು ಮಾಡಿಕೊಂಡವಳು. ಎಲ್ಲಿ ಕೇಳಿದ್ದೆನೋ, ಎಷ್ಟು ನಾನೇ ಕಟ್ಟಿದೆನೋ. ಒಬ್ಬಳ ಸೆರಗಿಗೆ ಇನ್ನೊಬ್ಬಳ ಸೆರಗು ಗಂಟು ಹಾಕುತ್ತ ಹೋದೆ. ಎದೆಯಲ್ಲಿ ಉಸಿರು ಮುಗಿಯುತ್ತ ಬಂತು. ಕಣ್ಣಿಗೆ ಕತ್ತಲೆ. ಅದೇ ಹೊತ್ತಿಗೆ ನನ್ನ ಬಾಯಿ ನನ್ನನ್ನು ಕೇಳದೆ, ರೂಢಿ ಬಿದ್ದ ದಾರಿಯಲ್ಲೇ ಹೋಯಿತು.

"ಆಮ್ಯಾಲ ತಾಯಿ ಸಣ್ಣಾಕಿನ್ನ ಕೇಳಿದ್ಲು, ನೀ ಏನ್ ಮಾಡ್ತಿಯವ್ವಾ?"

ಉಸಿರು ನಿಂತಿತು.

"ಹೂಂ."

ಮೇಲಿನ ಬಾಗಿಲಿನಿಂದ ಬಂತು. ದುಂಡು ಗೋಡೆಯೊಳಗೆ ಸುತ್ತಿ ಸುತ್ತಿ, ಕೊಡದೊಳಗಿನಿಂದ ಬಂದ ಹಾಗೆ ದಪ್ಪಗೆ. ಒಂದು ಪಾರಿವಾಳ ಬಾಗಿಲ ಅಂಚಿಗೆ ಬಂದು ಕೂತು ಒಳಗೆ ನೋಡಿತು.

ಸೀರೆಯವನು ಎರಡು ಹೆಜ್ಜೆ ಹಿಂದೆ ಸರಿದ. ಖಾಕಿ ಕೋಟಿನವನು ಬಂದೂಕು ಕೈಗೆ ತೆಗೆದುಕೊಂಡ.

"ಹೂಂ ಅಂದವ್ರು ಯಾರು?"

ಅವನು ಕೇಳಿದ್ದು ಮಂದಿಯನ್ನು, ನೋಡಿದ್ದು ಬಾಗಿಲನ್ನು. ಮಂದಿಯಲ್ಲಿ ಯಾರಾದರೂ ಒಬ್ಬರು ಬೆರಳು ಎತ್ತಿದ್ದರೆ ಸಾಕಿತ್ತು. ನನಗೆ ಮೈಯೆಲ್ಲ ಕಿವಿಯಾಗಿತ್ತು. ಬೇವಿನ ಕಟ್ಟೆಯ ಕಡೆಯಿಂದ ಯಾರೋ ಕೆಮ್ಮಿದರು.

"ಹೂಂ," ಅಮರಗುಂಡಪ್ಪ ಕಾಕಾ ಅಂದ. ದನಿ ದಪ್ಪವಾಗಿತ್ತು. "ನಾ ಅಂದೆ. ಮುಂದ ಹೇಳಬೇ ಕಸ್ತೂರೀ. ನಿಂತಿ ಯಾಕ?"

ಖಾಕಿ ಕೋಟಿನವನು ಅತ್ತ ತಿರುಗಿದ. "ದನಿ ಮ್ಯಾಲಿಂದ ಬಂತು."

"ಹುಡೇವಿನ ಮುಂದ ಏನ್ ಅಂದ್ರೂ ಮ್ಯಾಲಿಂದನ ಬಂದಂಗ ಕೇಳತೈತ್ರಿ. ದುಂಡ ಗ್ವಾಡಿ. ಹೇಳಬೇ."

ನಾನು ಹೇಳಿದೆ. ಏನು ಹೇಳಿದೆ ಎಂಬುದು ನೆನಪಿಲ್ಲ. ಕತೆ ಅಲ್ಲಿಂದ ಮುಂದೆ ನನಗೆ ಗೊತ್ತೇ ಇರಲಿಲ್ಲ. ಏಳನೆಯವಳು ನಿಂತಳು, ನೋಡಿದಳು, ಬಿಸಿಲಾಯಿತು, ಮಳೆಯಾಯಿತು ಎಂದು ಏನೋ. ಮಾತು ನಿಂತ ಕಡೆ ಕಾಕಾ "ಹೂಂ" ಅಂದ. ಮುಂದಿನ ಮಾತಿಗೆ ಆಯಿ ಅಂದಳು. ಅದರ ಮುಂದಿನದಕ್ಕೆ, ನನ್ನ ತಲೆ ಕೆಟ್ಟಿದೆ ಎಂದಿದ್ದ ಹೆಂಗಸು. ಆಮೇಲೆ ನೀರಿನ ಕೊಡ ಹೊತ್ತು ನಿಂತಿದ್ದವರು, ಕಂಬಾರ ವಿರೂಪಾಕ್ಷಪ್ಪ, ಕಟ್ಟೆಯ ಮೇಲಿನ ಮುದುಕರು. ಒಬ್ಬರ ಹಿಂದೆ ಒಬ್ಬರು, ಆಮೇಲೆ ಎಲ್ಲರೂ ಕೂಡಿ. ಅವರೆಲ್ಲ ಒಂದಲ್ಲ ಒಂದು ಕಾಲಕ್ಕೆ ಆಯಿಯ ಮುಂದೆ ಕೂತು ಹೂಂ ಅಂದವರೇ. ಆ ಗದ್ದಲದಲ್ಲಿ ಮೇಲಿನ ಬಾಗಿಲಿನಿಂದಲೂ ಒಂದು ಬಂದಿತೋ ಇಲ್ಲವೋ, ನನಗೂ ತಿಳಿಯಲಿಲ್ಲ. ಖಾಕಿ ಕೋಟಿನವನು ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಕಣ್ಣು ತಿರುಗಿಸುತ್ತ ನಿಂತ.

"ಬಸ್. ನಿಚ್ಚಣಿಕಿ ತರ್ರಿ" ಎಂದ ಕೊನೆಗೆ.

"ಹುಡೇವಿಗೆ ಈಗ ಯಾರ್ ಹತ್ತತಾರಪ್ಪಾ, ನಿಚ್ಚಣಿಕಿ ಇಡಾಕ" ಆಯಿ ಅಂದಳು. "ಒಳಗ ಪಾರಿವಾಳ, ಅದರ ತತ್ತಿಗೆ ಬಂದ ಹಾವು. ನಿನಗ ಹತ್ತಬೇಕಂದ್ರ ನಿನ್ನ ಮಂದಿ ಹೆಗಲ ಕೊಡಲಿ. ಮೊದಲು ತಲಿ ಹಾಕಬ್ಯಾಡ, ಕೈ ಹಾಕಿ ನೋಡು."

ಅವನು ತನ್ನವರ ಕಡೆ ನೋಡಿದ. "ಬ್ಯಾಡ ಬಿಡೋ ಮಾರಾಯ," ಸೀರೆಯವನು ಮೆಲ್ಲಗೆ ಅಂದ. "ಮೊದಲಿನ ಹೂಂ ಇವ್ರದಲ್ಲ. ನಾ ಕೇಳೀನಿ. ಅದು ಮನಶ್ಯಾನ ದನಿ ಅಲ್ಲ."

ಖಾಕಿ ಕೋಟಿನವನಿಗೆ ಅದು ಮನುಷ್ಯನ ದನಿಯೇ ಎಂದು ಅನುಮಾನವಿತ್ತು. ಅವನು ಬಂದೂಕು ಎತ್ತಿ ಬಾಗಿಲಿನ ಕತ್ತಲೆಗೆ ಗುರಿಯಿಟ್ಟು ಹೊಡೆದ.

ಪಾರಿವಾಳಗಳು ಒಮ್ಮೆಲೇ ಸಿಡಿದು ಹೊರಬಂದವು. ಬಾಗಿಲಿನಿಂದ, ಕಿಂಡಿಗಳಿಂದ, ತುದಿಯಿಂದ. ಒಳಗೆ ಮಣ್ಣು ಉದುರುವ ಸಪ್ಪಳ. ಆಮೇಲೆ ಏನೂ ಇಲ್ಲ. ನರಳಿಕೆ ಇಲ್ಲ. ಅವನು ಬಹಳ ಹೊತ್ತು ಕಿವಿಗೊಟ್ಟು ನಿಂತ. ನಾವೂ ನಿಂತೆವು. ಕೊನೆಗೆ ಅವನು ನೆಲಕ್ಕೆ ಉಗುಳಿ ಕುದುರೆ ಹತ್ತಿದ. ಅವರು ಮಸ್ಕಿಯ ದಾರಿ ಹಿಡಿದು ಧೂಳಾದರು, ಆ ಧೂಳೂ ಕೂತಿತು.

ನಾನು ಕಿಂಡಿಯ ಮೇಲಿನ ಕುಳ್ಳು ಕಿತ್ತು ಬಾಯಿ ಹಚ್ಚಿದೆ. "ಆಕಾಶ ತಗ್ಗಿನಾಗ ಇತ್ತು" ಅಂದೆ. ಉತ್ತರವಿಲ್ಲ. "ಒನಕಿ ತಾಗ್ತು" ಅಂದೆ. ಇಲ್ಲ. ಮದ್ದಿನ ವಾಸನೆ ಮಾತ್ರ ಬಂತು. ನನ್ನ ಹಿಂದೆ ಸುಭಾನಬಿ ಬಂದು ನಿಂತಿದ್ದಳು. ಗುಂಡಿನ ಸಪ್ಪಳ ಕೇಳಿ ಒಳಮನೆಯಿಂದ ಹಾಗೆಯೇ ಬಂದವಳ ಕೈಗೆ ಹಿಟ್ಟು ಮೆತ್ತಿತ್ತು. ಅವಳನ್ನು ಇಡೀ ಊರು ನೋಡಿತು.

"ಅಮರಗುಂಡ್ಯಾ," ಆಯಿ ಕರೆದಳು. "ನಮ್ಮ ಕೊಟ್ಟಿಗ್ಯಾಗ ಕರಾ ಕಟ್ಟಿದ್ದ ನಿಚ್ಚಣಿಕಿ ಐತಿ. ತಗೊಂಡು ಬಾ."

"ಈಗ? ಅವ್ರು ತಿರುಗಿ ಬಂದ್ರ?"

"ಬಂದ್ರ ಯಾರ ಹೇಳವ್ರು? ಊರು ಹೂಂ ಅಂದೈತಿ. ನೀನ ಮೊದಲು ಅಂದಿ."

ಕಾಕಾ ಒಂದು ಗಳಿಗೆ ಆಯಿಯನ್ನೇ ನೋಡಿದ. ತಾನು ಏನು ಅಂದೆ ಎಂಬುದು ಆತನಿಗೆ ಆಗ ತಿಳಿದಿರಬೇಕು. ತಲೆಗೆ ಸುತ್ತಿದ ರುಮಾಲು ತೆಗೆದು ಮುಖ ಒರೆಸಿಕೊಂಡು ನಮ್ಮ ಮನೆಯ ಕಡೆ ನಡೆದ. ತಾನೇ ನಿಚ್ಚಣಿಕೆ ಹೊತ್ತು ತಂದು ಬಾಗಿಲಿಗೆ ಹಚ್ಚಿದ.

ಆಯಿ ನಿಚ್ಚಣಿಕೆಯ ಮೊದಲ ಹಲ್ಲಿಗೆ ಕಾಲಿಟ್ಟಳು. ಎರಡನೆಯದಕ್ಕೆ ಮೊಳಕಾಲು ಏಳಲಿಲ್ಲ. ಮತ್ತೆ ಯತ್ನಿಸಿದಳು. ಆಮೇಲೆ ಇಳಿದು, ನನ್ನ ಬಲಗೈ ತೆಗೆದುಕೊಂಡು ತನ್ನ ಎರಡೂ ಕೈಯಲ್ಲಿ ಒತ್ತಿದಳು.

"ನನ್ನ ಮಾತು ಈ ಕೈಯಾಗ ಇಟ್ಟೀನಿ. ಹೋಗು."

ನಾನು ಹತ್ತಿದೆ. ಬಾಗಿಲ ಅಂಚಿಗೆ ಹೊಟ್ಟೆ ಊರಿ ಒಳಗೆ ಇಣುಕಿದರೆ ಏನೂ ಕಾಣದು. ಚಿಕ್ಕಂದಿನಿಂದ ಹೆದರಿದ ಬಾಯಿ ಅದು, ಈಗ ನಾನೇ ಅದರ ಗಂಟಲಿಗೆ ಇಳಿಯುತ್ತಿದ್ದೆ. ಗೋಡೆಯ ಮೆಟ್ಟಿಲನ್ನು ಕಾಲಿನಿಂದ ತಡವುತ್ತ ಇಳಿದೆ. ಪಾರಿವಾಳದ ಹಿಕ್ಕೆ, ಮದ್ದು, ಬೆವರು, ಹಳಸಿದ ರೊಟ್ಟಿ. ಕಾಲಿಗೆ ಏನೋ ಮೆತ್ತಗೆ ತಾಗಿತು, ಕಂಬಳಿ. ಕೂತು ಕೈಯಾಡಿಸಿದೆ. ಮಣ್ಣಿನ ಹೆಂಟೆಗಳು. ಅವುಗಳ ಕೆಳಗೆ ಒಂದು ಭುಜ.

"ಮೌಲಾ" ಅಂದೆ. ಅಲುಗಲಿಲ್ಲ. ಅವನ ಮುಖದ ಮೇಲೆ ಕೈಯಿಡಲು ನನಗೆ ಧೈರ್ಯವಾಗಲಿಲ್ಲ, ತಣ್ಣಗಿದ್ದರೆ? ಕತ್ತಲಲ್ಲಿ ಕೂತು, ಬೇರೇನೂ ತೋಚದೆ, ಪಿಸುಗುಟ್ಟಿದೆ.

"ತಾಯಿ ಸಣ್ಣಾಕಿನ್ನ ಕೇಳಿದ್ಲು. ನೀ ಏನ್ ಮಾಡ್ತಿಯವ್ವಾ?"

ಹೊರಗೆ ಸುಭಾನಬಿ ಏನೋ ಕೇಳಿದಳು, ಯಾರೋ ಸುಮ್ಮನಿರಿಸಿದರು.

"ಹೂಂ," ನನ್ನ ಮೊಳಕಾಲ ಹತ್ತಿರ ಯಾರೋ ಅಂದರು. ದಪ್ಪ ದನಿಯಲ್ಲ. ಕೊಡದೊಳಗಿನದಲ್ಲ. ಬರಿ ನೀರಡಿಸಿದ ಮನುಷ್ಯನದು.

ಗುಂಡು ಅವನ ತಲೆಯ ಮೇಲೆ ಹಾಯ್ದು ಎದುರು ಗೋಡೆಯ ಮಣ್ಣು ಕೆಡವಿತ್ತು. ಅವನನ್ನು ಎಬ್ಬಿಸಿದೆ. ಎದ್ದ, ಕುಸಿದ, ಮತ್ತೆ ಎದ್ದ. ಕೈ ಕಾದ ಹಂಚಿನಂತಿತ್ತು. ನಾನು ಅದನ್ನು ಬಿಡಲಿಲ್ಲ. ಮೆಟ್ಟಿಲು ಮೆಟ್ಟಿಲಿಗೆ ಗೋಡೆಗೆ ಒರಗುತ್ತ ಬಾಗಿಲಿಗೆ ಬಂದೆವು. ಬೆಳಕಿಗೆ ಅವನು ಕಣ್ಣು ಮುಚ್ಚಿಕೊಂಡ. ಕೆಳಗೆ ಊರೆಲ್ಲ ಮುಖ ಮೇಲೆ ಮಾಡಿ ನಿಂತಿತ್ತು. ನಿಚ್ಚಣಿಕೆಯನ್ನು ಒಂದು ಕಡೆ ಕಾಕಾ, ಇನ್ನೊಂದು ಕಡೆ ಆಯಿ ಹಿಡಿದಿದ್ದರು.

"ಎಷ್ಟ್ ಮಂದಿ ಅದಾರ?" ಮೌಲಾ ಕಣ್ಣು ಮುಚ್ಚಿಕೊಂಡೇ ಕೇಳಿದ.

"ಎಲ್ಲಾರೂ."

"ಧೂಳು ಎದ್ದೈತೇನು ನೋಡು."

ನಾನು ನೋಡಿದೆ. ಅಷ್ಟು ಎತ್ತರದಿಂದ ಮೊದಲ ಸಲ ನೋಡಿದ್ದು. ಸಜ್ಜೆಯ ಹೊಲಗಳು, ಮಸ್ಕಿಯ ಗುಡ್ಡ, ಬರಿದಾದ ದಾರಿ. "ಇಲ್ಲ" ಅಂದೆ. "ಇಳಿ."

ನಾನು ಮುಂದೆ, ಅವನು ಹಿಂದೆ. ಒಂದು ಕೈಯಿಂದ ನಿಚ್ಚಣಿಕೆ, ಒಂದು ಕೈಯಿಂದ ಅವನ ಕೈ. ನಾನು ನೆಲ ಮುಟ್ಟಿದ ಮೇಲೆ ಅವನು ಎಡವಿದಾಗ ಕೆಳಗಿನಿಂದ ಯಾರದೋ ಕೈ ಅವನ ಪಾದಕ್ಕೆ ಆಸರೆ ಕೊಟ್ಟಿತು. ಸುಭಾನಬಿ ನೆಲದ ಮೇಲೆ ಕೂತುಬಿಟ್ಟಿದ್ದಳು. ಅವನ ಕಾಲು ಕೊನೆಯ ಹಲ್ಲು ಬಿಟ್ಟು, ಕುಳ್ಳಿನ ಪುಡಿ ಬಿದ್ದ ಮಣ್ಣಿಗೆ ತಾಗಿತು. ನಾನು ಇನ್ನೂ ಹಿಡಿದೇ ಇದ್ದೆ.

"ಈಗ ಬಿಡಬೇ," ಆಯಿ ಅಂದಳು. "ಆಯ್ತು."

ನಾನು ಅವನ ಕೈ ಬಿಟ್ಟೆ.